ಸೋರಲೆಂದೇ ಇಟ್ಟ ತೂತು

ಕಳೆದ ಬೇಸಿಗೆಯಲ್ಲಿ ನಮ್ಮ ಬೈಕಿನ ಎಂಜಿನ್ ಕೆಳಗೆ ಹಸಿರು ಹನಿ ಬೀಳಲು ಶುರುವಾಯಿತು. ಟ್ಯಾಂಕರ್ ನೀರಿನ ಸುದ್ದಿಗಾಗಿ ಹಿರಿಯೂರು ಕಡೆಯ ಹಳ್ಳಿಗಳಿಗೆ ದಿನಾ ಓಡಾಡುತ್ತಿದ್ದ ಹೊತ್ತು. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಬೈಕೇ ಆಫೀಸು. ಬೈಕ್ ನಿಂತರೆ ಸುದ್ದಿ ಇಲ್ಲ, ಸುದ್ದಿ ಇಲ್ಲದಿದ್ದರೆ ಆ ತಿಂಗಳ ದುಡ್ಡೂ ಇಲ್ಲ.

ದಾರಿಯಲ್ಲಿ ಸಿಕ್ಕ ಗ್ಯಾರೇಜಿನ ಹುಡುಗ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ. "ಇಲ್ಲೊಂದು ತೂತು ಐತೆ ಸಾರ್, ಅದ್ರಾಗೇ ಸೋರ್ತೈತೆ" ಅಂದ. ಎಂ-ಸೀಲ್ ಕಲಸಿ ತೂತು ಮುಚ್ಚಿದ. ಹನಿ ನಿಂತಿತು. ಚಹಾ ಕುಡಿದು ಖುಷಿಯಾಗಿ ಹೊರಟೆವು.

ಎರಡು ವಾರವಾದ ಮೇಲೆ ಎಂಜಿನ್ ಆಯಿಲ್ ನೋಡುವ ಗಾಜಿನ ಕಿಂಡಿಯಲ್ಲಿ ಕಂಡದ್ದು ಆಯಿಲ್ ಅಲ್ಲ. ಹಾಲು ಜಾಸ್ತಿ ಹಾಕಿದ ಕಾಫಿ ಹಾಗಿತ್ತು.

ಆ ತೂತನ್ನು ಯಾರೋ ತಪ್ಪಿ ಬಿಟ್ಟದ್ದಲ್ಲ. ಎಂಜಿನ್ ಮಾಡಿದವರೇ ಬೇಕೆಂದು ಕೊರೆದದ್ದು. ಬೈಕಿಗೆ ನೀರು ಹೇಗೆ ಬಂತು, ಏಕೆ ಹೋಯಿತು, ಮತ್ತೆ ಏಕೆ ಬಂತು ಎಂಬ ನೂರು ವರ್ಷ ಮೀರಿದ ಕತೆ ಗೊತ್ತಿದ್ದಿದ್ದರೆ ಆ ಹುಡುಗನೂ ಮುಚ್ಚುತ್ತಿರಲಿಲ್ಲ, ನಾವೂ ಮುಚ್ಚಿಸುತ್ತಿರಲಿಲ್ಲ.

ರೇಡಿಯೇಟರ್ ಇರುವ ಬೈಕ್ ಎಂದರೆ ಈಗಿನ ಕಾಲದ ಹುಡುಗರ ಶೋಕಿ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಆಲ್ಫ್ರೆಡ್ ಆಂಗಸ್ ಸ್ಕಾಟ್ ಎಂಬ ಎಂಜಿನಿಯರ್ 1908ರಲ್ಲೇ ನೀರಿನಿಂದ ತಣಿಯುವ ಮೋಟಾರ್ ಸೈಕಲ್ ಹೊರತಂದಿದ್ದ. ಅವನದು ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಬೆಂಕಿ ಹೊತ್ತಿದರೆ ಟೂ-ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಹೊತ್ತುತ್ತದೆ. ಬಿಸಿ ಜಾಸ್ತಿ. ಆ ಕಾಲದ ಕಬ್ಬಿಣ, ಆ ಕಾಲದ ಆಯಿಲ್ ಅದನ್ನು ತಡೆಯುತ್ತಿರಲಿಲ್ಲ. ಅದಕ್ಕೇ ಸ್ಕಾಟ್ ನೀರಿನ ಮೊರೆ ಹೋದ. 1912 ಮತ್ತು 1913ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ರೇಸನ್ನು ಅವನ ಬೈಕ್‌ಗಳೇ ಗೆದ್ದವು.

ಸ್ಕಾಟ್ ಬೈಕಿನಲ್ಲಿ ನೀರು ಇತ್ತು, ಪಂಪ್ ಇರಲಿಲ್ಲ. ಹಾಗಾದರೆ ನೀರು ಸುತ್ತುತ್ತಿದ್ದುದು ಹೇಗೆ? ಉತ್ತರ ನಿಮ್ಮ ಊರಿನ ಯಾವುದಾದರೂ ತಾರಸಿಯ ಮೇಲೆಯೇ ಇದೆ. ಸೋಲಾರ್ ವಾಟರ್ ಹೀಟರ್ ನೋಡಿ. ಕೆಳಗಿನ ಕೊಳವೆಯಲ್ಲಿ ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣನೆಯದು ಭಾರವಾಗಿ ಕೆಳಗಿಳಿಯುತ್ತದೆ. ಕರೆಂಟಿಲ್ಲ, ಮೋಟಾರಿಲ್ಲ. ಸ್ಕಾಟ್ ಬೈಕಿನಲ್ಲೂ ಇದೇ ಉಪಾಯ. ಎಂಜಿನ್ನಿನಲ್ಲಿ ಕಾದ ನೀರು ಮೇಲೇರಿ ರೇಡಿಯೇಟರಿಗೆ ಹೋಗುತ್ತಿತ್ತು, ತಣಿದು ಕೆಳಗಿನಿಂದ ವಾಪಸ್ ಬರುತ್ತಿತ್ತು. ಪಂಪ್ ಇಲ್ಲದ ಮೇಲೆ ಪಂಪಿನ ಸೀಲ್ ಇಲ್ಲ. ಸೀಲ್ ಇಲ್ಲದ ಮೇಲೆ ನಮ್ಮ ಕತೆಯ ತೂತೂ ಇಲ್ಲ.

ಆದರೂ ಬೈಕ್ ಮಾಡುವ ಹೆಚ್ಚಿನವರು ನೀರಿನ ಗೊಡವೆಗೆ ಹೋಗಲಿಲ್ಲ. ರೇಡಿಯೇಟರ್, ಪೈಪು, ನೀರು ಎಲ್ಲ ಸೇರಿದರೆ ತೂಕ, ಖರ್ಚು. ಕಲ್ಲು ಬಡಿದರೆ ತೂತು. ಗಾಳಿಯಾದರೋ ಪುಕ್ಕಟೆ. ಸಿಲಿಂಡರಿನ ಸುತ್ತ ಪದರ ಪದರವಾಗಿ ಲೋಹದ ರೆಕ್ಕೆ ಎರಕ ಹೊಯ್ದರೆ ಆಯಿತು, ಬೈಕ್ ಓಡಿದಂತೆ ಗಾಳಿ ಬಿಸಿಯನ್ನು ಒಯ್ಯುತ್ತದೆ. ನಡುವೆ ನೀರನ್ನು ಕೈಬಿಡದವರೂ ಇದ್ದರು. ಇಂಗ್ಲೆಂಡಿನಲ್ಲೇ 1948ರಲ್ಲಿ ಬಂದ ವೆಲೋಸೆಟ್ ಎಲ್‌ಇ ಎಂಬ ಪುಟ್ಟ ಬೈಕ್ ನೀರಿನಲ್ಲಿ ತಣಿಯುತ್ತಿತ್ತು. ಅದರ ಹೆಚ್ಚುಗಾರಿಕೆ ವೇಗವಲ್ಲ, ಮೌನ. ಸಿಲಿಂಡರಿನ ಸುತ್ತ ನೀರು ಇದ್ದರೆ ಸದ್ದು ಅಡಗುತ್ತದೆ. ಅಲ್ಲಿನ ಪೊಲೀಸರು ಗಸ್ತಿಗೆ ಇದನ್ನೇ ಮೆಚ್ಚಿ ಕೊಂಡರು. ಮೇಲಧಿಕಾರಿ ಎದುರಾದಾಗ ಹ್ಯಾಂಡಲ್ ಬಿಟ್ಟು ಸೆಲ್ಯೂಟ್ ಹೊಡೆಯುವ ಬದಲು ತಲೆಯಾಡಿಸಿದರೆ ಸಾಕು ಎಂಬ ರಿಯಾಯಿತಿ ಇತ್ತಂತೆ. ಹಾಗಾಗಿ ಆ ಬೈಕಿಗೆ 'ನಾಡಿ ಬೈಕ್', ಅಂದರೆ ತಲೆಯಾಡಿಸುವ ಬೈಕ್ ಎಂಬ ಅಡ್ಡಹೆಸರು ಬಿತ್ತು ಎಂದು ಹೇಳುತ್ತಾರೆ.

ನಮ್ಮ ನಾಡಿಗೆ ಬಂದದ್ದು ಗಾಳಿಯ ಬೈಕ್‌ಗಳೇ. 1955ರಿಂದ ಮದ್ರಾಸಿನಲ್ಲಿ ಬುಲೆಟ್. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ. ಜಯಚಾಮರಾಜೇಂದ್ರ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದ್ದು. 1973ರಿಂದ ಅಲ್ಲಿನ ಬೈಕ್‌ಗಳಿಗೆ ಯೆಜ್ಡಿ ಎಂದು ಹೆಸರಾಯಿತು. ಆಮೇಲೆ 1985ರಲ್ಲಿ ಯಮಹಾ ಆರ್‌ಎಕ್ಸ್ 100, ಅದೇ ವರ್ಷ ಹೀರೋ ಹೋಂಡಾ ಸಿಡಿ 100. ಎಲ್ಲಕ್ಕೂ ರೆಕ್ಕೆಯ ಸಿಲಿಂಡರ್. ಯೆಜ್ಡಿ ಮೇಲೆ ಮೂರು ಜನ, ಹಿಂದೊಂದು ಹಾಲಿನ ಕ್ಯಾನು, ಎದುರಿಗೆ ಘಾಟಿಯ ಏರು. ಅಷ್ಟಾದರೂ ನೀರು ಬೇಕು ಎಂದು ಬೈಕ್ ಕೇಳುತ್ತಿರಲಿಲ್ಲ. ತೀರಾ ಬಿಸಿಯಾದರೆ ಹೊಂಗೆ ಮರದ ಕೆಳಗೆ ನಿಲ್ಲಿಸಿ ಬೀಡಿ ಸೇದುವಷ್ಟು ಹೊತ್ತು ಬಿಟ್ಟರೆ ಮುಗಿಯಿತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಬೈಕ್‌ಗಳ ಮೇಲೆ ಕೈಪಳಗಿಸಿಕೊಂಡ ಮೇಸ್ತ್ರಿಗಳು ಇವತ್ತಿಗೂ ನಮ್ಮ ತಾಲ್ಲೂಕುಗಳಲ್ಲಿ ಇದ್ದಾರೆ.

ಹಾಗೆಂದು ನಮ್ಮ ಹಳ್ಳಿಗಳಿಗೆ ರೇಡಿಯೇಟರ್ ಹೊಸದೇನೂ ಅಲ್ಲ. ಲಾರಿಯಲ್ಲಿತ್ತು, ಟ್ರ್ಯಾಕ್ಟರಿನಲ್ಲಿತ್ತು. ಚಾರ್ಮಾಡಿ, ಶಿರಾಡಿ ಹತ್ತುವಾಗ ಲಾರಿ ನಿಲ್ಲಿಸಿ ಕ್ಲೀನರ್ ಹುಡುಗ ಕ್ಯಾನ್ ಹಿಡಿದು ಝರಿಗೆ ಓಡುತ್ತಿದ್ದುದನ್ನು ನಮ್ಮ ತಂದೆಯ ತಲೆಮಾರಿನವರು ಕಂಡಿದ್ದಾರೆ. ಕೊಂಚ ತಮಾಷೆ ಏನೆಂದರೆ ಹಳೆಯ ಐಷರ್ ಟ್ರ್ಯಾಕ್ಟರ್ ಗಾಳಿಯಲ್ಲೇ ತಣಿಯುತ್ತಿತ್ತು. ನೀರು ಹಾಕುವ ತಾಪತ್ರಯ ಇಲ್ಲ ಎಂದೇ ರೈತರು ಅದನ್ನು ಮೆಚ್ಚುತ್ತಿದ್ದರು. ಬುಲೆಟ್ ಕಂಪನಿ ಈಗ ಅದೇ ಐಷರ್ ಬಳಗದ ಕೈಯಲ್ಲಿದೆ. 2023ರಲ್ಲಿ ಬಂದ ಹಿಮಾಲಯನ್ 450ಕ್ಕೆ ಅವರೂ ಕೊನೆಗೆ ರೇಡಿಯೇಟರ್ ಕಟ್ಟಿದರು.

ಬೈಕಿಗೆ ನೀರು ಮರಳಿ ಬಂದ ದಾರಿ ಜಪಾನಿನದು. 1971ರಲ್ಲಿ ಸುಜುಕಿ ಜಿಟಿ 750 ಎಂಬ ದೊಡ್ಡ ಟೂ-ಸ್ಟ್ರೋಕ್ ಬೈಕ್ ಹೊರತಂದಿತು. ಅದರಲ್ಲಿ ಮೂರು ಸಿಲಿಂಡರ್ ಸಾಲಾಗಿ ಅಕ್ಕಪಕ್ಕ. ಎರಡು ತುದಿಯವಕ್ಕೆ ಗಾಳಿ ಸಿಗುತ್ತದೆ, ನಡುವಿನದು ಒಲೆಯ ನಡುವಿನ ಕೊಳ್ಳಿಯ ಹಾಗೆ. ಅದನ್ನು ತಣಿಸಲು ನೀರು, ನೀರನ್ನು ತಳ್ಳಲು ಪಂಪ್. ಅಮೆರಿಕದವರು ಆ ಬೈಕಿಗೆ ಇಟ್ಟ ಅಡ್ಡಹೆಸರು 'ವಾಟರ್ ಬಫೆಲೋ'. ನಮ್ಮ ಕೆರೆಯಲ್ಲಿ ಬಿದ್ದುಕೊಂಡಿರುವ ಎಮ್ಮೆಯೇ. ಇಂಗ್ಲೆಂಡಿನವರು 'ಕೆಟಲ್' ಎಂದರು. 1970ರ ದಶಕದ ನಡುವಿನಲ್ಲಿ ಹೋಂಡಾ ಗೋಲ್ಡ್ ವಿಂಗ್ ಬಂತು. ಆಮೇಲೆ ದೊಡ್ಡ ಬೈಕ್‌ಗಳಲ್ಲಿ ನೀರು ಮಾಮೂಲಾಯಿತು.

ನಮ್ಮ ಹುಡುಗರ ಕೈಗೆ ಇದು ಸಿಕ್ಕಿದ್ದು 2008ರ ಯಮಹಾ ಆರ್15ನಿಂದ. 2012ರಲ್ಲಿ ಕೆಟಿಎಂ ಡ್ಯೂಕ್ 200, ಪಲ್ಸರ್ 200 ಎನ್‌ಎಸ್. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದರ ಎಂಜಿನ್ನಿಗೂ ಮುಂದೆ ರೇಡಿಯೇಟರ್ ಇತ್ತು. ಸಿಲಿಂಡರಿನ ಮೇಲೆ ಹಳೆಯ ಕಾಲದ ಹಾಗೆ ರೆಕ್ಕೆಗಳೂ ಇದ್ದವು. ನೋಟಕ್ಕೆ ಮೈಸೂರು, ಒಳಗೆ ನೀರು. ಈ ಬದಲಾವಣೆಗೆ ಒಂದು ಕಾರಣ ಸಣ್ಣ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯಬೇಕೆಂಬ ಆಸೆ. ಇನ್ನೊಂದು ಹೊಗೆಯ ಕಾನೂನು. 2017ರಲ್ಲಿ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6. ಎಂಜಿನ್ನಿನ ಬಿಸಿ ಒಂದೇ ಮಟ್ಟದಲ್ಲಿದ್ದರೆ ಪೆಟ್ರೋಲ್ ಅಚ್ಚುಕಟ್ಟಾಗಿ ಉರಿಯುತ್ತದೆ, ನೀರು ಆ ಕೆಲಸ ಸಲೀಸಾಗಿ ಮಾಡುತ್ತದೆ. ಹಾಗಂತ ಕಾನೂನೇನೂ ರೇಡಿಯೇಟರ್ ಹಾಕಿ ಎಂದು ಹೇಳಿಲ್ಲ. ಸ್ಪ್ಲೆಂಡರ್ ಇವತ್ತಿಗೂ ಗಾಳಿಯಲ್ಲೇ ತಣಿದು ಬಿಎಸ್-6 ಪಾಸಾಗಿದೆ.

ಬೈಕ್ ಬಂತು, ಅದನ್ನು ಬಲ್ಲ ಕೈ ಬರಲಿಲ್ಲ. ತೊಂದರೆ ಶುರುವಾದದ್ದು ಇಲ್ಲಿ. ನಮ್ಮ ಗ್ಯಾರೇಜಿನ ಹುಡುಗನ ತಪ್ಪೇನಿಲ್ಲ. ಅವನ ಗುರು ಕಲಿತದ್ದು ರೆಕ್ಕೆಯ ಎಂಜಿನ್ ಮೇಲೆ, ಗುರು ಕಲಿಸಿದ್ದನ್ನೇ ಅವನು ಕಲಿತ.

ಆಯಿಲ್ ಕಾಫಿಯಾದ ಮೇಲೆ ನಾವು ಹೋದದ್ದು ತಾಲ್ಲೂಕು ಕೇಂದ್ರದ ಹಳೆಯ ಮೇಸ್ತ್ರಿಯೊಬ್ಬರ ಹತ್ತಿರ. ಯೆಜ್ಡಿ ರಿಪೇರಿ ಮಾಡುತ್ತಿದ್ದವರು, ನಡುವೆ ಹತ್ತು ವರ್ಷ ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಕೆಲಸಕ್ಕೆ ಇಳಿದಿದ್ದವರು. ತೂತಿಗೆ ಮೆತ್ತಿದ್ದ ಎಂ-ಸೀಲ್ ನೋಡಿದ್ದೇ ತಡ ಹಣೆ ಚಚ್ಚಿಕೊಂಡರು.

"ಹಳೇ ಪಂಪ್‌ಸೆಟ್ಟಿನ ಗ್ಲ್ಯಾಂಡ್ ನೋಡಿದೀರೇನ್ರೀ?"

"ನೋಡಿದೀವಿ ಮೇಸ್ತ್ರಿ. ತೊಟ್ಟು ತೊಟ್ಟು ಅಂತ ನೀರು ಬೀಳ್ತಿರ್ತದೆ."

"ಆ ತೊಟ್ಟು ನಿಲ್ಲಿಸ್ಬೇಕು ಅಂತ ಬಿಗಿ ಮಾಡಿದ್ರೆ ಏನಾಗ್ತದೆ?"

"ದಾರ ಸುಡ್ತದೆ, ಶಾಫ್ಟ್ ಸವೀತದೆ."

"ಮತ್ತೆ? ಇದೂ ಪಂಪೇ ಅಲ್ವೇನ್ರೀ."

ಅವರು ತೋರಿಸಿದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ. ಬೈಕಿನ ನೀರಿನ ಪಂಪಿಗೆ ಒಂದು ಶಾಫ್ಟ್. ಅದರ ಒಂದು ತುದಿ ಕೂಲೆಂಟ್ ಒಳಗೆ, ಇನ್ನೊಂದು ತುದಿ ಎಂಜಿನ್ ಆಯಿಲ್ ಒಳಗೆ. ಎರಡೂ ಸೇರಬಾರದು. ಅದಕ್ಕೆ ಕೂಲೆಂಟ್ ಕಡೆಗೊಂದು ಮೆಕ್ಯಾನಿಕಲ್ ಸೀಲ್, ಆಯಿಲ್ ಕಡೆಗೊಂದು ಆಯಿಲ್ ಸೀಲ್. ಎರಡು ಸೀಲಿನ ನಡುವೆ ಸಣ್ಣ ಖಾಲಿ ಜಾಗ. ಆ ಖಾಲಿ ಜಾಗದಿಂದ ಹೊರಕ್ಕೆ ಕೊರೆದ ದಾರಿಯೇ ನಮ್ಮ ತೂತು. ಕೂಲೆಂಟ್ ಹನಿ ಬಿದ್ದರೆ ನೀರಿನ ಸೀಲ್ ಹೋಗಿದೆ ಎಂದು ಅರ್ಥ. ಆಯಿಲ್ ಹನಿ ಬಿದ್ದರೆ ಆಯಿಲ್ ಸೀಲ್ ಹೋಗಿದೆ. ತೂತು ಮುಚ್ಚಿದರೆ ಸೋರಿದ ಕೂಲೆಂಟಿಗೆ ಹೊರಗೆ ಹೋಗಲು ದಾರಿ ಇಲ್ಲ, ಎರಡನೇ ಸೀಲನ್ನೂ ದಾಟಿ ಆಯಿಲಿಗೆ ನುಗ್ಗುತ್ತದೆ. ನಮ್ಮ ಬೈಕಿನಲ್ಲಿ ಆದದ್ದು ಅದೇ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಇನ್ನೊಂದು ತಿಂಗಳು ಹಾಗೇ ಓಡಿಸಿದ್ದರೆ ಎಂಜಿನ್ ಬಿಚ್ಚಬೇಕಾಗುತ್ತಿತ್ತು ಎಂದರು ಮೇಸ್ತ್ರಿ.

ಆದರೂ ಅವರು ನೇರವಾಗಿ ಪಂಪಿಗೆ ಕೈ ಹಾಕಲಿಲ್ಲ. "ಒಂದು ಕಡೆ ಸೋರಿದ ಗಾಡಿ ಇನ್ನೊಂದು ಕಡೆ ಸೋರಬಾರದು ಅಂತ ಏನಿಲ್ಲ" ಎಂದು ಬೈಕನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡರು. ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಬೇಕು ಎಂಬುದು ಅವರ ಕಟ್ಟುನಿಟ್ಟು. ಕಾರಣ ಕುಕ್ಕರ್. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಕುಕ್ಕರಿನ ವೇಟ್ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಡುತ್ತದೆ. ನೂರು ಡಿಗ್ರಿಗೆ ಕುದಿಯುವ ನೀರು ಒಂದು ಬಾರ್ ಒತ್ತಡ ಹೆಚ್ಚಾದರೆ ಸುಮಾರು 120 ಡಿಗ್ರಿವರೆಗೆ ಕುದಿಯದೆ ತಡೆದುಕೊಳ್ಳುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದರೆ ಒತ್ತಡ ಬಿದ್ದು ಆ ನೀರೆಲ್ಲ ಒಂದೇ ಸಲಕ್ಕೆ ಕುದಿದು ಮುಖಕ್ಕೆ ಹಾರುತ್ತದೆ. ಸೀಟಿ ಇಳಿಯದ ಕುಕ್ಕರನ್ನು ಯಾರಾದರೂ ತೆಗೆಯುತ್ತಾರೆಯೇ?

ರಾತ್ರಿ ಎಂಜಿನ್ನಿನ ಕೆಳಗೆ ಹಳೆಯ ಪೇಪರ್ ಹಾಸಿದರು. ನಾವೇ ಬರೆದ ಟ್ಯಾಂಕರ್ ಸುದ್ದಿಯಿದ್ದ ಪುಟ, ಇರಲಿ. ಬೆಳಿಗ್ಗೆ ನೋಡಿದರೆ ಎರಡು ಹಸಿರು ಕಲೆ. ಒಂದು ಪಂಪಿನ ಕೆಳಗೆ. ಎಂ-ಸೀಲ್ ಅಂಚಿನಲ್ಲಿ ಬಿಟ್ಟುಕೊಂಡಿತ್ತು. ಇನ್ನೊಂದು ಮುಂದಕ್ಕೆ, ರೇಡಿಯೇಟರಿನ ಕೆಳಗಿನ ಪೈಪಿನ ನೇರಕ್ಕೆ. ಆ ಪೈಪಿನ ಕ್ಲಾಂಪ್ ಸುತ್ತ ಬಿಳಿ ಪುಡಿ ಕಟ್ಟಿತ್ತು. ಕೂಲೆಂಟ್ ಬಿಸಿಗೆ ಒಣಗಿ ಬಿಟ್ಟುಹೋಗುವ ಗುರುತು ಅದು. ಹನಿ ಕಾಣದಿದ್ದರೂ ಈ ಪುಡಿ ಕಾಣುತ್ತದೆ. ಆಮೇಲೆ ಮುಚ್ಚಳದ ಜಾಗಕ್ಕೆ ಗೇಜು ಇರುವ ಕೈಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿದ್ದ 1.1 ಎಂಬಷ್ಟೇ ಒತ್ತಡ ಕೊಟ್ಟು ಕೂತರು. ಮುಳ್ಳು ನಿಧಾನಕ್ಕೆ ಇಳಿಯಿತು. ಕ್ಲಾಂಪ್ ಬದಲಿಸಿ ಮತ್ತೆ ಕೊಟ್ಟರು. ಇಳಿಯುವುದು ಕಮ್ಮಿಯಾಯಿತು, ನಿಲ್ಲಲಿಲ್ಲ. ಉಳಿದದ್ದು ಪಂಪ್.

ಮುಚ್ಚಳವನ್ನೂ ಬಿಡಲಿಲ್ಲ. ಅದರಲ್ಲಿ ಎರಡು ವಾಲ್ವ್. ಒತ್ತಡ ಹೆಚ್ಚಾದರೆ ಒಂದು ತೆರೆದು ಕೂಲೆಂಟನ್ನು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಬಿಡುತ್ತದೆ. ಎಂಜಿನ್ ತಣಿದಾಗ ಇನ್ನೊಂದು ಅದನ್ನೇ ವಾಪಸ್ ಎಳೆದುಕೊಳ್ಳುತ್ತದೆ. ರಬ್ಬರ್ ಗಟ್ಟಿಯಾದರೆ ಹೋದದ್ದು ವಾಪಸ್ ಬರುವುದಿಲ್ಲ, ಡಬ್ಬಿ ತುಂಬಿ ಚೆಲ್ಲುತ್ತದೆ. ಬಹಳ ಜನ ಇದನ್ನೇ ಎಂಜಿನ್ ಸೋರಿಕೆ ಎಂದು ಹೆದರುತ್ತಾರೆ, ಒಂದು ಮುಚ್ಚಳದಲ್ಲಿ ಮುಗಿಯುವ ಕೆಲಸ. ನಿಜಕ್ಕೂ ಹೆದರಬೇಕಾದ್ದು ಹೊರಗೆಲ್ಲೂ ಹನಿ ಇಲ್ಲದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದ್ದರೆ, ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಒಳಗಿನಿಂದ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ. ಅದು ಹೆಡ್ ಗ್ಯಾಸ್ಕೆಟ್ ಕತೆ, ದೊಡ್ಡ ಕೆಲಸ. ನಮ್ಮ ಪುಣ್ಯಕ್ಕೆ ಗುಳ್ಳೆ ಇರಲಿಲ್ಲ.

"ಮೊದಲು ಇದಕ್ಕೆ ಯಾವ ನೀರು ಹಾಕಿದ್ರಿ?" ಎಂದು ಕೇಳಿದಾಗ ನಾವು ಸುಮ್ಮನಾದೆವು. ಹನಿ ಶುರುವಾದ ಹೊಸದರಲ್ಲಿ ಎರಡು ಮೂರು ಸಲ ಬೋರ್‌ವೆಲ್ ನೀರು ಸುರಿದಿದ್ದೆವು. ಮೇಸ್ತ್ರಿ ಪಂಪಿನ ಕವರ್ ಬಿಚ್ಚಿ ಒಳಗೆ ಬೆರಳಾಡಿಸಿ ತೋರಿಸಿದರು. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಅದೇ ಬಿಳಿ ಗಡಸು ಪದರ. ನಮ್ಮ ಬಯಲುಸೀಮೆಯ ನೀರಿನ ಸುಣ್ಣ. ಮೆಕ್ಯಾನಿಕಲ್ ಸೀಲ್ ಎಂದರೆ ಕನ್ನಡಿಯ ಹಾಗೆ ನಯಮಾಡಿದ ಎರಡು ಬಿಲ್ಲೆ, ಸ್ಪ್ರಿಂಗ್ ಒತ್ತಿ ಒಂದರ ಮೇಲೊಂದು ಉಜ್ಜುತ್ತಿರುತ್ತವೆ. ನಡುವೆ ಕೂಲೆಂಟಿನ ತೆಳು ಪೊರೆ ಇದ್ದರಷ್ಟೇ ಬಾಳಿಕೆ. ಅಲ್ಲಿಗೆ ಸುಣ್ಣದ ಹರಳು ಹೋದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಹಿಮ ಬೀಳದ ನಮ್ಮ ಊರಿಗೆ ಕೂಲೆಂಟ್ ಏಕೆ, ನೀರು ಸಾಲದೇ ಎಂದು ನಾವೂ ವಾದ ಮಾಡಿದ್ದುಂಟು. ಕೂಲೆಂಟ್ ಎಂದರೆ ನೀರಿಗೆ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ಔಷಧ ಬೆರೆಸಿದ್ದು. ಇದರ ಹೆಸರು ದೊಡ್ಡದಾದದ್ದು ವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಮೊದಮೊದಲು ಶುದ್ಧ ಗ್ಲೈಕಾಲನ್ನೇ ಹಾಕುತ್ತಿದ್ದರು, ಆಮೇಲೆ ನೀರು ಹೆಚ್ಚು ಗ್ಲೈಕಾಲ್ ಕಡಿಮೆ ಮಾಡಿದರು. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಗ್ಲೈಕಾಲ್ ನೀರನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ, ಬೇಗ ಕುದಿಯಲೂ ಬಿಡುವುದಿಲ್ಲ. ನಮ್ಮ ಬಿಸಿಲಿಗೆ ಬೇಕಿರುವುದು ಈ ಎರಡನೆಯದು, ಜೊತೆಗೆ ಆ ತುಕ್ಕಿನ ಔಷಧ. ದಾರಿಯಲ್ಲಿ ಕೂಲೆಂಟ್ ಸಿಗದೆ ಏನಾದರೂ ಹಾಕಲೇಬೇಕಾದರೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಹಾಕಿ. ಬೋರ್ ನೀರು ಬೇಡ.

ಒಂದು ಮಾತನ್ನು ಮಾತ್ರ ಓದಿ ಮುಂದೆ ಹೋಗಿಬಿಡಬೇಡಿ. ಮೇಸ್ತ್ರಿ ಹಳೆಯ ಕೂಲೆಂಟನ್ನು ಬಾಣಲೆಗೆ ಇಳಿಸುತ್ತಿದ್ದಂತೆ ಗ್ಯಾರೇಜಿನ ನಾಯಿ ಬಾಲ ಅಲ್ಲಾಡಿಸುತ್ತ ಬಂತು. ಅವರು ಸ್ಪಾನರ್ ಎಸೆದು ಓಡಿಸಿದರು. ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಕೊಟ್ಟಿಗೆಯಲ್ಲಿ ಇಟ್ಟರೆ ಕರುವೂ ಬಾಯಿ ಹಾಕೀತು. ಮೂತ್ರಪಿಂಡ ಕೆಟ್ಟು ಸಾಯುವಷ್ಟು ವಿಷ ಅದು. ಮನುಷ್ಯರಿಗೂ ಅಷ್ಟೇ. ಉಳಿದ ಕೂಲೆಂಟನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ತುಂಬಿಟ್ಟ ಮನೆಗಳನ್ನು ನಾವೇ ನೋಡಿದ್ದೇವೆ. ಹಸಿರು, ಗುಲಾಬಿ ಬಣ್ಣ, ಸಿಹಿ ರುಚಿ, ಮಕ್ಕಳ ಕೈಗೆಟಕುವ ಗೂಡು. ಇವತ್ತೇ ತೆಗೆದಿಡಿ. ಯಾರಾದರೂ ಕುಡಿದದ್ದು ಗೊತ್ತಾದರೆ ಮನೆಮದ್ದು ಮಾಡುತ್ತಾ ಕೂರದೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಉಳಿದ ಕೆಲಸ ಅರ್ಧ ದಿನದ್ದು. ಹಳೆಯ ಸೀಲ್ ಎರಡನ್ನೂ ತೆಗೆದು ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು, ಗೀರು ಸಿಗಲಿಲ್ಲ. ಸಿಕ್ಕಿದ್ದರೆ ಶಾಫ್ಟೂ ಹೊಸದು ಬೇಕಾಗುತ್ತಿತ್ತು. ಎರಡು ಸೀಲ್, ಒಂದು ಓ-ರಿಂಗ್ ಹೊಸದಾಗಿ ಕೂತವು. ಪಿನ್ನಿನಿಂದ ಎಂ-ಸೀಲ್ ಕೆದಕಿ ತೂತು ಬಿಡಿಸಿದರು. ಆಯಿಲ್ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಚೆಲ್ಲಿ ಇನ್ನೊಮ್ಮೆ ಹೊಸದು ಹಾಕಿದರು. ನೀರು ಬೆರೆತ ಆಯಿಲ್ ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ. ಕೂಲೆಂಟನ್ನು ನಿಧಾನಕ್ಕೆ ಸುರಿದು, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ, ಪೈಪನ್ನು ಹಿಂಡಿ ಹಿಂಡಿ ಗಾಳಿ ಹೊರಗೆ ಬಿಟ್ಟರು. ಗಾಳಿ ಸಿಕ್ಕಿಕೊಂಡರೆ ತುಂಬಿದಂತೆ ಕಂಡರೂ ಎಂಜಿನ್ ಕಾಯುತ್ತದೆ. ಡ್ರಿಪ್ ಪೈಪಿನಲ್ಲಿ ಗಾಳಿ ಕಟ್ಟಿದರೆ ಕೊನೆಯ ಗಿಡಕ್ಕೆ ನೀರು ಹೋಗದ ಹಾಗೆ. ಕೊನೆಗೆ ಮುಚ್ಚಳ ಹಾಕಿ, ಪಕ್ಕದ ಡಬ್ಬಿಯಲ್ಲಿ ಎರಡು ಗೆರೆಯ ನಡುವಿಗೆ ತುಂಬಿಸಿದರು.

ಸೀಲಿನ ಬೆಲೆ ನೂರುಗಳಲ್ಲಿ ಮುಗಿಯಿತು, ಎರಡು ಸಲದ ಆಯಿಲ್ ಅದಕ್ಕಿಂತ ಜಾಸ್ತಿ ತಿಂದಿತು. ಮೂರು ದಿನ ಬೈಕಿಲ್ಲದೆ ಎರಡು ಸುದ್ದಿ ಕೈತಪ್ಪಿದವು, ಅದರ ಲೆಕ್ಕ ಬೇರೆ.

ವಾಪಸ್ ಬರುವಾಗ ಎಂ-ಸೀಲ್ ಹಾಕಿದ ಹುಡುಗನ ಗ್ಯಾರೇಜಿನ ಮುಂದೆ ನಿಲ್ಲಿಸಿ ಹಳೆಯ ಸೀಲನ್ನು ಅವನ ಕೈಗೆ ಕೊಟ್ಟೆವು. ಜಗಳಕ್ಕೆ ಬಂದೆವೆಂದು ಮೊದಲು ಹೆದರಿದ. ಆಮೇಲೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಾರ್, ಇದೇ ತರ ಇನ್ನೂ ಎರಡು ಗಾಡಿಗೆ ಮುಚ್ಚಿವ್ನಿ" ಅಂದ. ನಾವು ಅಲ್ಲಿರುವಾಗಲೇ ಫೋನ್ ತೆಗೆದು ಅವರಿಬ್ಬರ ನಂಬರ್ ಹುಡುಕತೊಡಗಿದ.